ದಯಾಮರಣ: ಯಾರ ದಯೆ, ಯಾರ ಮರಣ?

'ದಯಾಮರಣ ಕೋರಿ ರಾಷ್ಟ್ರಪತಿಗೆ ಪತ್ರ.' ಪತ್ರಿಕೆಗಳಲ್ಲಿ ಈ ತಲೆಬರಹ ಆಗಾಗ ಕಾಣುತ್ತದೆ. ಒಳಗೆ ಓದಿದರೆ ಜಮೀನಿನ ತಕರಾರು, ಇಲ್ಲವೇ ಕೈಸೇರದ ಪರಿಹಾರದ ಹಣ. ಅದು ನ್ಯಾಯ ಸಿಗದವರ ಕೂಗು, ದಯಾಮರಣವಲ್ಲ.

ವಾಸಿಯಾಗದ ಕಾಯಿಲೆಯಲ್ಲಿ ನರಳುವವರ ಸಂಕಟ ಮುಗಿಯಲಿ ಅಂತ ಸಾವಿಗೆ ದಾರಿ ಬಿಡುವುದೇ ದಯಾಮರಣ. ಯೂಥನೇಷಿಯಾ ಎಂಬ ಗ್ರೀಕ್ ಮೂಲದ ಪದಕ್ಕೆ 'ಒಳ್ಳೆಯ ಸಾವು' ಎಂದಷ್ಟೇ ಅರ್ಥ. ಕನ್ನಡಕ್ಕೆ ಬಂದಾಗ ದಯೆ ಸೇರಿಕೊಂಡಿತು. ಸಾವು ಮಲಗಿದವರದ್ದು, ದಯೆ ಪಕ್ಕದಲ್ಲಿ ನಿಂತವರದ್ದು. ಜಗಳ ಹುಟ್ಟುವುದೇ ಇಲ್ಲಿ.

ಚುಚ್ಚುಮದ್ದು ಕೊಟ್ಟು ಜೀವ ತೆಗೆದರೆ ಅದು ಸಕ್ರಿಯ ದಯಾಮರಣ. ನೆದರ್ಲೆಂಡ್ಸ್‌ನಲ್ಲಿ 2002ರಿಂದ ಅದಕ್ಕೆ ಕಾನೂನು ಇದೆ, ನಮ್ಮಲ್ಲಿ ಅದು ಅಪರಾಧ. ಫಲವಿಲ್ಲದ ಚಿಕಿತ್ಸೆ ನಿಲ್ಲಿಸಿದರೆ ನಿಷ್ಕ್ರಿಯ. ಎರಡಕ್ಕೂ ಒಂದೇ ಹೆಸರು ಇರುವುದು ನನಗೆ ಸರಿ ಕಾಣುವುದಿಲ್ಲ. ವೆಂಟಿಲೇಟರ್ ತೆಗೆಸಿದ ಮಗಳು 'ಅಪ್ಪನನ್ನು ನಾನೇ ಕೊಂದೆನಾ' ಅಂತ ಕೊರಗಬೇಕಾಗುತ್ತದೆ, ಅಲ್ವಾ?

ಧರ್ಮಗಳೂ ಈ ಗೆರೆ ಎಳೆದಿವೆ. ಜೀವ ದೇವರು ಕೊಟ್ಟದ್ದು, ತೆಗೆಯುವ ಹಕ್ಕು ನಮಗಿಲ್ಲ ಎನ್ನುತ್ತವೆ ಕ್ರೈಸ್ತ ಮತ್ತು ಇಸ್ಲಾಂ ಧರ್ಮಗಳು. ಆದರೂ ಅಸಾಧಾರಣ ಚಿಕಿತ್ಸೆ ಮಾಡಿಸಲೇಬೇಕೆಂದಿಲ್ಲ ಅಂತ 1957ರಲ್ಲೇ ಪೋಪ್ 12ನೇ ಪಿಯುಸ್ ಹೇಳಿದ್ದರು. ಹಿಂದೂ ಮನೆಗಳ ಹಿರಿಯರು ಅನಾಯಾಸ ಮರಣ ಬೇಡುತ್ತಾರೆ. ಆದರೆ ಅದನ್ನು ಬೇಡುವುದು ದೇವರ ಹತ್ತಿರ, ಡಾಕ್ಟರ ಹತ್ತಿರ ಅಲ್ಲ.

ಜೈನರ ಸಲ್ಲೇಖನವನ್ನು, ಅಂದರೆ ಉಪವಾಸವಿದ್ದು ದೇಹ ಬಿಡುವುದನ್ನು, ಇದರ ಜೊತೆ ಸುಮ್ನೆ ಸೇರಿಸಬಾರದು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಯ ಮೇಲೆ 7ನೇ ಶತಮಾನದ ಹಳಗನ್ನಡ ಸಾಲುಗಳಿವೆ. ನೋಂತು ಮುಡಿಪಿದ, ಅಂದರೆ ವ್ರತ ಹಿಡಿದು ಪ್ರಾಣ ಬಿಟ್ಟ ಮುನಿಗಳ, ಕಂತಿಯರ (ಜೈನ ಸನ್ಯಾಸಿನಿಯರ) ಹೆಸರು ಅಲ್ಲಿವೆ. ಆಹಾರ ಬಿಡುತ್ತಾ ಹೋಗುವವರು ಅವರೇ. ಅದು ವ್ರತ. ಬೇರೆಯವರ ದಯೆಗೆ ಅಲ್ಲಿ ಜಾಗವಿಲ್ಲ. 2015ರಲ್ಲಿ ರಾಜಸ್ಥಾನ ಹೈಕೋರ್ಟ್ ಇದನ್ನು ಆತ್ಮಹತ್ಯೆ ಎಂದಾಗ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು.

ಧರ್ಮದ ಹೊರಗೆ ನಿಂತು ಯೋಚಿಸುವವರು ಕೇಳುವುದು ಒಂದೇ: ಆ ವ್ಯಕ್ತಿಗೆ ಏನು ಬೇಕಿತ್ತು? ಅರುಣಾ ಶಾನಭಾಗ ಅವರ ವಿಷಯದಲ್ಲಿ ಇದಕ್ಕೆ ಉತ್ತರ ಸಿಗಲೇ ಇಲ್ಲ. ಉತ್ತರ ಕನ್ನಡದ ಹಳದೀಪುರದವರು, ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್. 1973ರ ದಾಳಿಯಲ್ಲಿ ಮಿದುಳಿಗೆ ಪೆಟ್ಟಾಗಿ ಸುಮಾರು 42 ವರ್ಷ ಹಾಸಿಗೆಯಲ್ಲೇ ಇದ್ದರು. ಊಟ ಕೊಡುವುದನ್ನು ನಿಲ್ಲಿಸಿ ಅವರನ್ನು ಸಾಯಲು ಬಿಡಿ ಎಂದು ಪತ್ರಕರ್ತೆ ಪಿಂಕಿ ವಿರಾನಿ ಕೋರ್ಟಿಗೆ ಹೋದರು. ಕೆಇಎಂ ನರ್ಸ್‌ಗಳು ಬೇಡವೇ ಬೇಡ ಎಂದರು. ಅರೆದ ಊಟ ಬಾಯಿಗಿಟ್ಟು ನುಂಗಿಸುತ್ತಿದ್ದವರು ಅವರು. ಅಷ್ಟು ವರ್ಷ ಮಲಗಿದ್ದರೂ ಬೆನ್ನಿಗೆ ಒಂದು ಹಾಸಿಗೆ ಹುಣ್ಣು ಆಗಲು ಬಿಡಲಿಲ್ಲ. ಎರಡೂ ದಯೆಯೇ. 2011ರಲ್ಲಿ ಸುಪ್ರೀಂ ಕೋರ್ಟ್ ನರ್ಸ್‌ಗಳ ಮಾತು ಉಳಿಸಿತು. ನಿಷ್ಕ್ರಿಯ ದಯಾಮರಣಕ್ಕೆ ಬಾಗಿಲು ತೆರೆದದ್ದೂ ಅದೇ ತೀರ್ಪು. ಅರುಣಾ ತೀರಿಕೊಂಡದ್ದು 2015ರಲ್ಲಿ, ನ್ಯುಮೋನಿಯಾದಿಂದ.

2018ರಲ್ಲಿ ಘನತೆಯಿಂದ ಸಾಯುವುದೂ ಬದುಕಿನ ಹಕ್ಕಿನ ಭಾಗ ಎಂದು ಕೋರ್ಟ್ ಹೇಳಿತು. ಲಿವಿಂಗ್ ವಿಲ್‌ಗೂ ಒಪ್ಪಿಗೆ ಕೊಟ್ಟಿತು. ಮಾತಾಡಲಾಗದ ಸ್ಥಿತಿ ಬಂದರೆ ಯಾವ ಚಿಕಿತ್ಸೆ ಬೇಡ ಎಂದು ಮೊದಲೇ ಬರೆದಿಡುವ ಪತ್ರ ಇದು. 2023ರಿಂದ ಇಬ್ಬರು ಸಾಕ್ಷಿಗಳು ಮತ್ತು ಒಬ್ಬ ನೋಟರಿ ಇದ್ದರೆ ಸಾಕು. ಇದನ್ನೆಲ್ಲ ಜಾರಿ ಮಾಡಲು ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿದೆ.