ಆಟದ ನಿಯಮ ಬದಲಿಸಿದ ಕಾಂಕ್ರೀಟು

ಒಂದು ಚಾಕ್‌ಪೀಸ್ ತಗೊಳ್ಳಿ. ಎರಡೂ ತುದಿಯಿಂದ ಒತ್ತಿ, ಏನೂ ಆಗಲ್ಲ. ಸ್ವಲ್ಪ ಬಗ್ಗಿಸಿ ನೋಡಿ, ಪಟ್ಟನೆ ಮುರಿಯುತ್ತದೆ. ಕಾಂಕ್ರೀಟಿನ ಸ್ವಭಾವವೂ ಹೀಗೇ. ಭಾರ ಹೇರಿದರೆ ಕಲ್ಲಿನಂತೆ ತಡೆಯುತ್ತದೆ. ಬಗ್ಗಿದರೆ ಮಾತ್ರ ಎಳೆತ ತಾಳದೆ ಬಿರುಕು ಬಿಡುತ್ತದೆ. ಅದಕ್ಕೇ ತಾರಸಿಗೆ ಮೋಲ್ಡ್ ಹಾಕುವ ಮುಂಚೆ ಕಂಬಿ ಕಟ್ಟುವುದು. ಎಳೆತವನ್ನು ಕಂಬಿ ಹೊರುತ್ತದೆ. ಬಿಸಿಲಿಗೆ ಎರಡೂ ಹೆಚ್ಚುಕಡಿಮೆ ಒಂದೇ ಅಳತೆಗೆ ಹಿಗ್ಗುವುದರಿಂದ ಒಂದನ್ನೊಂದು ಬಿಟ್ಟುಕೊಡುವುದಿಲ್ಲ.

ಇವತ್ತು ಇದು ಎಲ್ಲ ಮೇಸ್ತ್ರಿಗಳಿಗೂ ಗೊತ್ತು. 1903ರಲ್ಲಿ ಹಾಗಿರಲಿಲ್ಲ. ಆ ವರ್ಷ ಅಮೆರಿಕದ ಬಾಸ್ಟನ್‌ನಲ್ಲಿ, ಚಾರ್ಲ್ಸ್ ನದಿಯ ಹತ್ತಿರ, ಹಾರ್ವರ್ಡ್ ವಿಶ್ವವಿದ್ಯಾಲಯದ ಫುಟ್‌ಬಾಲ್ ಸ್ಟೇಡಿಯಂ ಎದ್ದು ನಿಂತಿತು. ನಮ್ಮ ಫುಟ್‌ಬಾಲ್ ಅಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಅಮೆರಿಕನ್ ಆಟ. 1879ರಲ್ಲಿ ಪದವಿ ಪಡೆದ ಬ್ಯಾಚ್‌ನವರು ಇದಕ್ಕೆ 1 ಲಕ್ಷ ಡಾಲರ್ ಕೊಟ್ಟಿದ್ದರು. ಆಗಿನ ಗ್ಯಾಲರಿಗಳು ಹೆಚ್ಚಾಗಿ ಮರದವು, ಯಾವಾಗಲೂ ಬೆಂಕಿಯ ಭಯ. ಇಲ್ಲಿ ಕುದುರೆ ಲಾಳದ ಆಕಾರದಲ್ಲಿ ಕಂಬಿ, ಕಾಂಕ್ರೀಟು ಬಂತು. ಅಲ್ಲಿನ ಚಳಿಗೆ ಇದು ನಿಲ್ಲುತ್ತದಾ ಅನ್ನುವ ಅನುಮಾನ ಸುಮ್ನೆ ಬಂದದ್ದಲ್ಲ. ಸಣ್ಣ ರಂಧ್ರಗಳಿಗೆ ಇಳಿದ ನೀರು ಹೆಪ್ಪುಗಟ್ಟಿದರೆ ಸುಮಾರು 9% ಹಿಗ್ಗುತ್ತದೆ, ಒಳಗಿನಿಂದಲೇ ಸೀಳುತ್ತದೆ.

ಸ್ಟೇಡಿಯಂ ನಿಂತಿತು. ನನಗೆ ತುಂಬಾ ಇಷ್ಟವಾದ ಕಥೆ ಶುರುವಾಗುವುದು ಆಮೇಲೆ.

ಆಗ ಈ ಆಟ ಭಯಂಕರವಾಗಿತ್ತು. ಚೆಂಡನ್ನು ಮುಂದಕ್ಕೆ ಎಸೆಯುವಂತಿರಲಿಲ್ಲ. ಹಾಗಾಗಿ ಎರಡೂ ಕಡೆಯ ಹುಡುಗರು ಒಂದೇ ಕಡೆ ಗುಂಪುಗೂಡಿ ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. 1905ರ ಒಂದೇ ಸೀಸನ್‌ನಲ್ಲಿ ಕನಿಷ್ಠ 18 ಮಂದಿ ಸತ್ತರು. ಹೆಚ್ಚಿನವರು ಎಳೆಯ ಪ್ರಾಯದವರು. ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಅವರೇ ಕಾಲೇಜಿನವರನ್ನು ಕರೆಸಿ ಮಾತಾಡಿದರು. ಮೈದಾನವನ್ನು ಇನ್ನೂ 40 ಅಡಿ ಅಗಲ ಮಾಡೋಣ, ಓಡಲು ಜಾಗ ಸಿಗುತ್ತದೆ ಎಂದರು ಯೇಲ್ ವಿಶ್ವವಿದ್ಯಾಲಯದ ವಾಲ್ಟರ್ ಕ್ಯಾಂಪ್, ಆಟದ ನಿಯಮ ಸಮಿತಿಯಲ್ಲಿದ್ದವರು. ಒಳ್ಳೆಯ ಯೋಚನೆಯೇ. ಆದರೆ ಹಾರ್ವರ್ಡ್‌ನ ಗ್ಯಾಲರಿ ಮೈದಾನದ ಅಂಚಿಗೇ ಬಂದು ನಿಂತಿತ್ತು. ಮರದ್ದಾಗಿದ್ದರೆ ಬಿಚ್ಚಿ ಹಿಂದಕ್ಕೆ ಸರಿಸಬಹುದಿತ್ತು, ಅಲ್ವಾ? ಎರಡೇ ವರ್ಷ ಹಳೆಯ ಕಾಂಕ್ರೀಟನ್ನು ಒಡೆಯುವವರು ಯಾರು?

ಅಗಲ ಮಾಡುವ ದಾರಿ ಮುಚ್ಚಿತು. 1906ರಲ್ಲಿ ಮುಂದಕ್ಕೆ ಎಸೆಯಲು ಅನುಮತಿ ಸಿಕ್ಕಿತು. ಚೆಂಡು ತಲೆಗಳ ಮೇಲಿಂದ ಹಾರತೊಡಗಿತು, ಗುಂಪು ಚದುರಿತು. ಸಾವುಗಳು ಒಮ್ಮೆಲೇ ನಿಲ್ಲಲಿಲ್ಲ, ನಿಯಮಗಳನ್ನು ಮತ್ತೆ ಮತ್ತೆ ತಿದ್ದಬೇಕಾಯಿತು. ಮೈದಾನದ ಅಗಲ ಮಾತ್ರ ಇವತ್ತಿಗೂ ಅದೇ 160 ಅಡಿ.