ಮಾತ್ರೆ ಒಂದು, ಔಷಧ ಎರಡು: ಬಿಪಿ ಕಾಂಬಿನೇಷನ್ ಗುಳಿಗೆಯ ಒಳಹೊರಗು

ಬಿಪಿಗೆಂದು ತಂದ ಸ್ಟ್ರಿಪ್ಪನ್ನು ಒಮ್ಮೆ ತಿರುಗಿಸಿ ಹಿಂಬದಿ ನೋಡಿ. ದಪ್ಪ ಅಕ್ಷರದಲ್ಲಿರುವುದು ಕಂಪನಿ ಇಟ್ಟ ಹೆಸರು. ಅದರ ಕೆಳಗೆ, ಕನ್ನಡಕ ಹಾಕಿಕೊಂಡರೂ ಕಷ್ಟಪಟ್ಟು ಓದಬೇಕಾದಷ್ಟು ಸಣ್ಣದಾಗಿ ಬರೆದಿರುವುದು ನಿಮ್ಮ ನಿಜವಾದ ಔಷಧ. ಅಲ್ಲಿ ‘ಟೆಲ್ಮಿಸಾರ್ಟನ್ 40 ಮಿ.ಗ್ರಾಂ, ಆಮ್ಲೋಡಿಪಿನ್ 5 ಮಿ.ಗ್ರಾಂ’ ಎಂದಿದ್ದರೆ ನೀವು ದಿನಾ ನುಂಗುತ್ತಿರುವುದು ಎರಡು ಔಷಧ. ಕಾಂಬಿನೇಷನ್ ಮಾತ್ರೆ ತೆಗೆದುಕೊಳ್ಳುವವರಿಗೆ ಆಗುವ ಅನಾಹುತಗಳಲ್ಲಿ ತಡೆಯಬಹುದಾದವು ಬಹುತೇಕ ಇಲ್ಲಿಂದಲೇ ಶುರುವಾಗುತ್ತವೆ. ಒಳಗೇನಿದೆ ಎಂದು ನುಂಗುವವರಿಗೆ ಗೊತ್ತಿರುವುದಿಲ್ಲ. ಅವರನ್ನು ಮಂಡಿನೋವಿಗೋ ಭೇದಿಗೋ ನೋಡುವ ಇನ್ನೊಬ್ಬ ವೈದ್ಯರಿಗೂ ಗೊತ್ತಾಗುವುದಿಲ್ಲ.

ಎರಡನ್ನು ಸೇರಿಸುವುದು ವ್ಯಾಪಾರದ ಉಪಾಯವಲ್ಲ. ಒಂದೇ ಔಷಧದ ಪ್ರಮಾಣವನ್ನು ಇಮ್ಮಡಿ ಮಾಡಿದರೆ ಬಿಪಿ ಇನ್ನಷ್ಟು ಇಳಿಯುವುದು ಅಲ್ಪ. ಅದರ ಬದಲು ಬೇರೆ ಗುಂಪಿನ ಇನ್ನೊಂದು ಔಷಧ ಸೇರಿಸಿದರೆ ಸುಮಾರು ಐದು ಪಟ್ಟು ಹೆಚ್ಚು ಪ್ರಯೋಜನ ಸಿಗುತ್ತದೆ. ಆಮ್ಲೋಡಿಪಿನ್ ರಕ್ತನಾಳದ ಗೋಡೆಯ ಬಿಗಿತ ಸಡಿಲಿಸುತ್ತದೆ. ಟೆಲ್ಮಿಸಾರ್ಟನ್, ನಾಳಗಳನ್ನು ಕಿರಿದಾಗಿಸುವ ಆಂಜಿಯೋಟೆನ್ಸಿನ್ ಎಂಬ ಹಾರ್ಮೋನಿಗೆ ಅಡ್ಡ ನಿಲ್ಲುತ್ತದೆ. ಹೈಡ್ರೋಕ್ಲೋರೋಥಯಾಜೈಡ್, ಕ್ಲೋರ್ಥಾಲಿಡೋನ್‌ನಂಥವು ಉಪ್ಪನ್ನೂ ನೀರನ್ನೂ ಮೂತ್ರದ ಮೂಲಕ ಹೊರಹಾಕುತ್ತವೆ. ಜನ ‘ನೀರಿನ ಮಾತ್ರೆ’ ಎನ್ನುವುದು ಇವನ್ನೇ. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಗೆ ಇಂಥ ಜೋಡಿ ಮಾತ್ರೆಗಳು 2019ರಲ್ಲಿ ಸೇರಿದವು. ಹಾಗಾಗಿ ವೈದ್ಯರು ಮೊದಲ ಸಲವೇ ಕಾಂಬಿನೇಷನ್ ಬರೆದುಕೊಟ್ಟರೆ ‘ನನಗೆ ಬಿಪಿ ಅಷ್ಟು ಜೋರಾಗಿದೆಯೇ’ ಎಂದು ಗಾಬರಿಯಾಗಬೇಕಿಲ್ಲ. ತೀರಾ ವಯಸ್ಸಾದವರು, ನಿತ್ರಾಣವಿರುವವರು, ಎದ್ದು ನಿಂತರೆ ತಲೆ ಸುತ್ತುವವರಿಗೆ ಮಾತ್ರ ಒಂದೇ ಔಷಧದಿಂದ, ಕಡಿಮೆ ಪ್ರಮಾಣದಿಂದ ಶುರು ಮಾಡುವುದು ಮೇಲು.

ಗೊಂದಲ ಹುಟ್ಟುವುದು ಹೆಸರಿನ ಬಾಲದಲ್ಲಿ. ಬ್ರ್ಯಾಂಡ್ ಹೆಸರಿನ ಕೊನೆಗೆ ಎಎಂ, ಎಚ್, ಸಿಟಿ, ಎಟಿ ಅಂತೆಲ್ಲ ಅಕ್ಷರಗಳಿರುತ್ತವೆ. ಎಎಂ ಎಂದರೆ ಸಾಮಾನ್ಯವಾಗಿ ಆಮ್ಲೋಡಿಪಿನ್, ಎಚ್ ಎಂದರೆ ಹೈಡ್ರೋಕ್ಲೋರೋಥಯಾಜೈಡ್. ಆದರೆ ಇದಕ್ಕೊಂದು ಕಾನೂನಿಲ್ಲ. ಒಂಟಿ ‘ಎ’ ಒಂದು ಕಂಪನಿಯಲ್ಲಿ ಆಮ್ಲೋಡಿಪಿನ್ ಆದರೆ ಇನ್ನೊಂದರಲ್ಲಿ ಅಟೆನೊಲಾಲ್ ಎಂಬ, ನಾಡಿಬಡಿತ ಇಳಿಸುವ ಬೇರೆ ಗುಂಪಿನ ಔಷಧ. ಆಸ್ತಮಾ ಇರುವವರಿಗೆ ಅಟೆನೊಲಾಲ್ ಹೋದರೆ ಉಸಿರು ಕಟ್ಟಬಹುದು. ಬಾಲದ ಒಂದು ಅಕ್ಷರ ಬದಲಾದರೆ ಔಷಧದ ಗುಂಪೇ ಬದಲಾಗಿರಬಹುದು. ‘ಅದೇ ಮಾತ್ರೆ, ಬೇರೆ ಕಂಪನಿದು’ ಎಂದು ಮೆಡಿಕಲ್ ಶಾಪಿನಲ್ಲಿ ಕೊಟ್ಟಾಗ ಹೋಲಿಸಬೇಕಾದ್ದು ಹಿಂಬದಿಯ ಸಣ್ಣ ಅಕ್ಷರಗಳನ್ನು. ಎರಡೂ ಔಷಧದ ಹೆಸರು, ಎರಡರ ಮಿಲಿಗ್ರಾಂ ಹೊಂದಿದರೆ ಸರಿ. ಜನೌಷಧಿ ಕೇಂದ್ರದ ಜೆನೆರಿಕ್ ಆದರೂ ಇದೇ ಪರೀಕ್ಷೆ. ಹೊಂದಿಕೆಯಾದರೆ ಧೈರ್ಯವಾಗಿ ತೆಗೆದುಕೊಳ್ಳಿ.

ಮಿಲಿಗ್ರಾಂ ಹೋಲಿಸುವಾಗ ಎರಡು ಕಡೆ ಎಡವುತ್ತಾರೆ. ನಮ್ಮಲ್ಲಿ ಎಸ್-ಆಮ್ಲೋಡಿಪಿನ್ ಎಂಬುದೂ ಸಿಗುತ್ತದೆ. ಅದರ 2.5 ಮಿ.ಗ್ರಾಂ, ಸಾಮಾನ್ಯ ಆಮ್ಲೋಡಿಪಿನ್‌ನ 5 ಮಿ.ಗ್ರಾಂಗೆ ಸಮ. ಅದನ್ನು ನೋಡಿ ಸಾಮಾನ್ಯ ಆಮ್ಲೋಡಿಪಿನ್ 2.5 ಕೊಟ್ಟರೆ ಅರ್ಧ ಪ್ರಮಾಣ ಮಾತ್ರ ಸಿಕ್ಕಂತಾಯಿತು. ಹಾಗೆಯೇ ಕ್ಲೋರ್ಥಾಲಿಡೋನ್ 12.5 ಮತ್ತು ಹೈಡ್ರೋಕ್ಲೋರೋಥಯಾಜೈಡ್ 12.5 ಒಂದೇ ಅಲ್ಲ. ಮೊದಲನೆಯದು ಹೆಚ್ಚು ಬಲವಾದದ್ದು, ದೇಹದಲ್ಲಿ ಹೆಚ್ಚು ಹೊತ್ತು ಉಳಿಯುವಂಥದ್ದು. ಸಂಖ್ಯೆ ಒಂದೇ ಎಂದು ಅದಲುಬದಲು ಮಾಡುವಂತಿಲ್ಲ.

ಒಂದೇ ಔಷಧ ಎರಡೆರಡು ಸಲ ಹೊಟ್ಟೆ ಸೇರುವುದು ಇನ್ನೊಂದು ಸಾಮಾನ್ಯ ತಪ್ಪು. ಮೊದಲು ಆಮ್ಲೋಡಿಪಿನ್ ಬೇರೆ ಬರೆದಿರುತ್ತಾರೆ. ಆರು ತಿಂಗಳ ನಂತರ ಕಾಂಬಿನೇಷನ್ ಬರುತ್ತದೆ. ಹಳೆಯ ಸ್ಟ್ರಿಪ್ಪಿನಲ್ಲಿ ಇನ್ನೂ ಹತ್ತು ಮಾತ್ರೆ ಉಳಿದಿವೆ, ಸುಮ್ಮನೆ ಯಾಕೆ ಹಾಳು ಎಂದು ಎರಡನ್ನೂ ನುಂಗುತ್ತಾರೆ. ಹೊಸ ಚೀಟಿ ಬಂದ ದಿನ ವೈದ್ಯರನ್ನು ನೇರವಾಗಿ ಕೇಳಿ: ‘ಹಳೆಯದರಲ್ಲಿ ಯಾವುದು ನಿಲ್ಲಿಸಬೇಕು?’ ನಿಲ್ಲಿಸಿದ್ದನ್ನು ಮನೆಯ ಔಷಧ ಡಬ್ಬಿಯಿಂದಲೇ ತೆಗೆದುಬಿಡಿ. ಹೃದ್ರೋಗಕ್ಕೆ ಒಬ್ಬರು, ಕಿಡ್ನಿಗೆ ಇನ್ನೊಬ್ಬರು ಎಂದು ತೋರಿಸಿಕೊಳ್ಳುವವರು ಎಲ್ಲ ಸ್ಟ್ರಿಪ್ಪುಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡೇ ಹೋಗಬೇಕು. ‘ಬಿಳಿ ಮಾತ್ರೆ, ಬೆಳಿಗ್ಗೆ ಒಂದು’ ಎಂಬ ವಿವರಣೆಯಿಂದ ಯಾವ ವೈದ್ಯರಿಗೂ ಏನೂ ತಿಳಿಯುವುದಿಲ್ಲ.

ಸ್ಟ್ರಿಪ್ ಕತ್ತರಿಸಿ ಐದೈದೇ ಮಾತ್ರೆ ಕೊಂಡುಕೊಳ್ಳುವವರು ಹೆಸರು ಮತ್ತು ಎಕ್ಸ್‌ಪೈರಿ ದಿನಾಂಕ ಇರುವ ತುಂಡನ್ನೇ ಕೇಳಿ ಪಡೆಯಿರಿ. ಮನೆಗೆ ತಂದ ಮೇಲೆ ಮಾತ್ರೆಗಳನ್ನು ಬಿಡಿಸಿ ಡಬ್ಬಿಗೆ ತುಂಬಬೇಡಿ. ಟೆಲ್ಮಿಸಾರ್ಟನ್ ಗಾಳಿಯ ತೇವವನ್ನು ಬಹುಬೇಗ ಹೀರಿಕೊಳ್ಳುತ್ತದೆ. ಹಾಗಾಗಿಯೇ ಅದನ್ನು ಸಾಮಾನ್ಯವಾಗಿ ಎರಡೂ ಕಡೆ ಅಲ್ಯೂಮಿನಿಯಂ ಇರುವ ಸ್ಟ್ರಿಪ್ಪಿನಲ್ಲಿ ಕಟ್ಟುತ್ತಾರೆ. ಮಂಗಳೂರು, ಕಾರವಾರದ ಮಳೆಗಾಲದಲ್ಲಿ ವಾರದ ಡಬ್ಬಿಯಲ್ಲಿ ಬಿಡಿಸಿಟ್ಟ ಮಾತ್ರೆ ಮೆತ್ತಗಾಗುವುದು ಇದಕ್ಕೇ. ನುಂಗುವ ಹೊತ್ತಿಗೆ ಬಿಡಿಸಿ, ಅಷ್ಟೇ. ವಾರದ ಡಬ್ಬಿಯಿಲ್ಲದೆ ನೆನಪಿರದು ಎನ್ನುವವರು ಸ್ಟ್ರಿಪ್ಪನ್ನೇ ಒಂದೊಂದು ಮಾತ್ರೆಯಂತೆ ಕತ್ತರಿಸಿ, ಕವಚ ತೆಗೆಯದೆ ಡಬ್ಬಿಯಲ್ಲಿಡಬಹುದು.

ಅರ್ಧ ಮಾಡುವುದೂ ಬೇಡ. ಹಲವು ಟೆಲ್ಮಿಸಾರ್ಟನ್ ಜೋಡಿ ಮಾತ್ರೆಗಳಲ್ಲಿ ಎರಡು ಬಣ್ಣದ ಎರಡು ಪದರ ಇರುತ್ತವೆ. ಅದು ಅಂದಕ್ಕಲ್ಲ. ಟೆಲ್ಮಿಸಾರ್ಟನ್ ಕರಗಲು ಕ್ಷಾರೀಯ ವಸ್ತುಗಳನ್ನು ಬೆರೆಸಬೇಕು, ಆ ಕ್ಷಾರ ಪಕ್ಕದ ಔಷಧವನ್ನು ಕೆಡಿಸುತ್ತದೆ. ಅದಕ್ಕಾಗಿ ಬೇರೆ ಬೇರೆ ಪದರ. ಚಾಕುವಿನಲ್ಲಿ ಕತ್ತರಿಸಿದಾಗ ಎರಡೂ ಸರಿಸಮ ಬರುತ್ತವೆಂಬ ಖಾತರಿಯಿಲ್ಲ. ಅಟೆನೊಲಾಲ್ ಗುಂಪಿನದೇ ಆದ ಮೆಟೊಪ್ರೊಲಾಲ್ ಸೇರಿದ ಮಾತ್ರೆಯಲ್ಲಾದರೆ ಆ ಔಷಧ ನಿಧಾನವಾಗಿ ಬಿಡುಗಡೆಯಾಗುವಂತೆ ಮಾಡಿರುತ್ತಾರೆ. ಪುಡಿ ಮಾಡಿದರೆ ಇಡೀ ದಿನದ್ದು ಒಟ್ಟಿಗೇ ರಕ್ತಕ್ಕೆ ಸೇರಿ ನಾಡಿ ಇಳಿಯುತ್ತದೆ. ಪ್ರಮಾಣ ಕಡಿಮೆ ಬೇಕಿದ್ದರೆ ಕಡಿಮೆ ಮಿಲಿಗ್ರಾಂನದ್ದನ್ನೇ ಬರೆಸಿಕೊಳ್ಳಬೇಕು.

ಬೆಳಿಗ್ಗೆಯೋ ರಾತ್ರಿಯೋ ಎಂಬ ಚರ್ಚೆ ಬಹಳ ದಿನ ನಡೆಯಿತು. ಬ್ರಿಟನ್ನಿನಲ್ಲಿ 21,000ಕ್ಕೂ ಹೆಚ್ಚು ಜನರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ‘ಟೈಮ್’ ಅಧ್ಯಯನದಲ್ಲಿ ಹೃದಯಾಘಾತ, ಪಾರ್ಶ್ವವಾಯುವಿನ ಲೆಕ್ಕದಲ್ಲಿ ಎರಡಕ್ಕೂ ವ್ಯತ್ಯಾಸ ಕಾಣಲಿಲ್ಲ. ನಿಮಗೆ ಮರೆಯದ ಹೊತ್ತೇ ಒಳ್ಳೆಯ ಹೊತ್ತು. ನೀರಿನ ಮಾತ್ರೆ ಸೇರಿದ್ದರೆ ಮಾತ್ರ ಬೆಳಿಗ್ಗೆಯೇ ಇರಲಿ, ಇಲ್ಲವಾದರೆ ರಾತ್ರಿ ಮೂತ್ರಕ್ಕೆ ಏಳುವಾಗ ಬೀಳುವ ಅಪಾಯ. ಒಂದು ಹೊತ್ತು ಮರೆತರೆ ಅದೇ ದಿನ ನೆನಪಾದಾಗ ತೆಗೆದುಕೊಳ್ಳಿ. ಮರುದಿನವೇ ನೆನಪಾದರೆ ಆ ದಿನದ್ದೊಂದು ಸಾಕು, ಎರಡು ನುಂಗಬೇಡಿ. ಆಮ್ಲೋಡಿಪಿನ್ ದೇಹದಲ್ಲಿ ಅರ್ಧಕ್ಕಿಳಿಯಲು 30ರಿಂದ 50 ಗಂಟೆ ಬೇಕು, ಒಂದು ದಿನ ತಪ್ಪಿದರೆ ಆಕಾಶ ಕಳಚಿ ಬೀಳುವುದಿಲ್ಲ.

ಇದೇ ಕಾರಣಕ್ಕೆ ಶುರು ಮಾಡಿದ ಮೂರನೇ ದಿನವೇ ಬಿಪಿ ನೋಡಿ ‘ಮಾತ್ರೆ ಹಿಡಿಯಲಿಲ್ಲ’ ಎನ್ನುವಂತಿಲ್ಲ. ಪೂರ್ಣ ಪರಿಣಾಮ ಕಾಣಲು ಸುಮಾರು ನಾಲ್ಕು ವಾರ ಬೇಕು. ಆ ಅವಧಿಯಲ್ಲಿ ಗಮನಿಸಬೇಕಾದ್ದು ಎದ್ದು ನಿಂತಾಗ ಬರುವ ತಲೆಸುತ್ತು. ಮಲಗಿದ್ದವರು ಮೊದಲು ಒಂದೆರಡು ನಿಮಿಷ ಮಂಚದ ಅಂಚಿನಲ್ಲಿ ಕೂತು ಏಳಲಿ. ಕೂತಾಗಿನ ಬಿಪಿ ನೋಡಿ, ನಿಂತು ಒಂದು ಮತ್ತು ಮೂರು ನಿಮಿಷಕ್ಕೆ ಮತ್ತೆ ನೋಡಿದಾಗ ಮೇಲಿನ ಅಂಕಿ 20 ಅಥವಾ ಕೆಳಗಿನದು 10ರಷ್ಟು ಕುಸಿದರೆ ವೈದ್ಯರಿಗೆ ತಿಳಿಸಬೇಕು. ಪ್ರಾಸ್ಟೇಟ್ ತೊಂದರೆಗೆ ಟ್ಯಾಮ್ಸುಲೋಸಿನ್ ತೆಗೆದುಕೊಳ್ಳುವ ಹಿರಿಯರಲ್ಲಿ ಇದು ಹೆಚ್ಚು.

ರಕ್ತಪರೀಕ್ಷೆ ಇಲ್ಲಿ ಐಚ್ಛಿಕವಲ್ಲ. ಟೆಲ್ಮಿಸಾರ್ಟನ್ ಅಥವಾ ನೀರಿನ ಮಾತ್ರೆ ಇರುವ ಕಾಂಬಿನೇಷನ್ ಶುರು ಮಾಡುವ ಮುನ್ನ ಒಮ್ಮೆ, ಶುರುವಾಗಿ ಎರಡರಿಂದ ನಾಲ್ಕು ವಾರದೊಳಗೆ ಇನ್ನೊಮ್ಮೆ ಕ್ರಿಯಾಟಿನಿನ್ (ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಎಂದು ತೋರಿಸುವ ಅಂಶ), ಸೋಡಿಯಂ, ಪೊಟ್ಯಾಶಿಯಂ ನೋಡಿಸಬೇಕು. ಕ್ರಿಯಾಟಿನಿನ್ ಮೊದಲಿಗಿಂತ ಶೇ 30ರೊಳಗೆ ಏರಿದರೆ ಸಾಮಾನ್ಯವಾಗಿ ಮಾತ್ರೆ ನಿಲ್ಲಿಸಬೇಕಿಲ್ಲ, ಮತ್ತೊಮ್ಮೆ ಪರೀಕ್ಷಿಸಿದರಾಯಿತು. ಅದಕ್ಕೂ ಮೇಲೆ ಹೋದರೆ ಕಾರಣ ಹುಡುಕಬೇಕು. ಪೊಟ್ಯಾಶಿಯಂ 5.5 ದಾಟಿದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ನೀರಿನ ಮಾತ್ರೆಯಿಂದ ಸೋಡಿಯಂ ಇಳಿಯುವುದು ಮೊದಲ ಕೆಲವು ವಾರಗಳಲ್ಲೇ ಹೆಚ್ಚು, ಅದರಲ್ಲೂ ವಯಸ್ಸಾದ, ತೆಳ್ಳಗಿನ ಹೆಂಗಸರಲ್ಲಿ. ‘ಅಜ್ಜಿ ಎರಡು ದಿನದಿಂದ ಮಂಕಾಗಿದ್ದಾರೆ, ಏನೇನೋ ಮಾತಾಡ್ತಾರೆ’ ಎಂದರೆ ಅದನ್ನು ಅರಳುಮರಳಿನ ಲೆಕ್ಕಕ್ಕೆ ಹಾಕುವ ಮುನ್ನ ಸೋಡಿಯಂ ನೋಡಿಸಿ. ಗೌಟ್ (ಯೂರಿಕ್ ಆಮ್ಲ ಹೆಚ್ಚಾಗಿ ಬರುವ ಕೀಲುನೋವು) ಇರುವವರಿಗೆ ಇದೇ ಮಾತ್ರೆಯಿಂದ ಹೆಬ್ಬೆರಳಿನ ಬುಡದ ನೋವು ಮರುಕಳಿಸಬಹುದು.

ಪಾದದ ಗಂಟಿನ ಸುತ್ತ ಊತ ಆಮ್ಲೋಡಿಪಿನ್‌ನ ಪರಿಚಿತ ತಕರಾರು, 10 ಮಿ.ಗ್ರಾಂನಲ್ಲಿ ಇನ್ನೂ ಹೆಚ್ಚು. ಅದು ದೇಹದಲ್ಲಿ ನೀರು ಹೆಚ್ಚಾಗಿ ಬಂದದ್ದಲ್ಲ. ಸಣ್ಣ ಅಪಧಮನಿಗಳು ಅಗಲವಾಗಿ, ಮುಂದಿನ ಸಿರೆಗಳು ಹಾಗೇ ಉಳಿದದ್ದರಿಂದ ದ್ರವ ಹೊರಗೆ ಒಸರಿದ್ದು. ಆದ್ದರಿಂದ ಊತಕ್ಕೆಂದು ಫ್ಯೂರೋಸೆಮೈಡ್ ಎಂಬ ಬಲವಾದ ನೀರಿನ ಮಾತ್ರೆ ಸೇರಿಸಿದರೆ ಹೆಚ್ಚೇನೂ ಇಳಿಯದು, ಕಾಯಿಲೆಯ ಮೇಲೊಂದು ಕಾಯಿಲೆಯಾಗುತ್ತದೆ. ಟೆಲ್ಮಿಸಾರ್ಟನ್ ಸಿರೆಗಳನ್ನೂ ಸಡಿಲಿಸುವುದರಿಂದ ಜೋಡಿಯಾಗಿ ಕೊಟ್ಟಾಗ ಊತ ಕಡಿಮೆ. ಒಂದೇ ಕಾಲು ಊದಿ ನೋವಿದ್ದರೆ ಅಥವಾ ಊತದ ಜೊತೆ ಏದುಸಿರು ಬಂದರೆ ಮಾತ್ರೆಯನ್ನು ದೂರುತ್ತ ಕೂರದೆ ಆಸ್ಪತ್ರೆಗೆ ಹೋಗಬೇಕು.

ಇನ್ನು ಎಲ್ಲಕ್ಕಿಂತ ಒತ್ತಿ ಹೇಳಬೇಕಾದ್ದು ನೋವಿನ ಮಾತ್ರೆಯ ವಿಷಯ. ಡೈಕ್ಲೋಫಿನಾಕ್, ಅಸಿಕ್ಲೋಫಿನಾಕ್, ಐಬುಪ್ರೊಫೆನ್, ಎಟೋರಿಕಾಕ್ಸಿಬ್ ಇವೆಲ್ಲ ಬಿಪಿ ಏರಿಸುತ್ತವೆ, ಬಿಪಿ ಮಾತ್ರೆಯ ಕೆಲಸವನ್ನೂ ಕೆಡಿಸುತ್ತವೆ. ಅದಕ್ಕಿಂತ ದೊಡ್ಡ ಅಪಾಯ ಕಿಡ್ನಿಗೆ. ಕಿಡ್ನಿಯ ಜರಡಿಗೆ ರಕ್ತ ಬರುವ ನಾಳ ಒಂದು, ಹೋಗುವ ನಾಳ ಒಂದು. ನೋವಿನ ಮಾತ್ರೆ ಬರುವ ದಾರಿಯನ್ನು ಕಿರಿದಾಗಿಸುತ್ತದೆ. ಟೆಲ್ಮಿಸಾರ್ಟನ್ ಹೋಗುವ ದಾರಿಯನ್ನು ಅಗಲಿಸುತ್ತದೆ. ನೀರಿನ ಮಾತ್ರೆ ಒಟ್ಟು ದ್ರವವನ್ನೇ ಕಡಿಮೆ ಮಾಡುತ್ತದೆ. ಮೂರೂ ಕೂಡಿದಾಗ ಜರಡಿಯಲ್ಲಿ ಸೋಸಲು ಬೇಕಾದ ಒತ್ತಡವೇ ಉಳಿಯುವುದಿಲ್ಲ, ಕೆಲವೇ ದಿನಗಳಲ್ಲಿ ಕಿಡ್ನಿ ಕೈಕೊಡಬಹುದು. ನೋವಿಗೆ, ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಆದರೆ ಅಲ್ಲಿಯೂ ಹೆಸರಿನ ಬಾಲ ನೋಡಿ: ‘-ಪಿ’ ಎಂದಿರುವ ಎಷ್ಟೋ ನೋವಿನ ಮಾತ್ರೆಗಳಲ್ಲಿ ಪ್ಯಾರಾಸಿಟಮಾಲ್ ಜೊತೆಗೆ ಅಸಿಕ್ಲೋಫಿನಾಕ್ ಕೂಡ ಇರುತ್ತದೆ. ಹೃದಯಕ್ಕೆಂದು ವೈದ್ಯರೇ ಬರೆದ 75 ಮಿ.ಗ್ರಾಂ ಆಸ್ಪಿರಿನ್ ಬೇರೆ ಮಾತು, ಇದನ್ನೋದಿ ಅದನ್ನು ನಿಲ್ಲಿಸಬೇಡಿ. ನೆಗಡಿಯ ಮಾತ್ರೆಗಳಲ್ಲಿರುವ ಫಿನೈಲ್‌ಎಫ್ರಿನ್ ಬಿಪಿ ಏರಿಸಬಲ್ಲದು. ಗಂಟಲಿಗೆಂದು ದಿನಾ ಜಗಿಯುವ ಜ್ಯೇಷ್ಠಮಧು ಬಿಪಿ ಏರಿಸಿ ಪೊಟ್ಯಾಶಿಯಂ ಇಳಿಸುತ್ತದೆ, ನೀರಿನ ಮಾತ್ರೆಯ ಜೊತೆಗಂತೂ ಬೇಡವೇ ಬೇಡ.

ವಾಂತಿ, ಭೇದಿ, ಏನೂ ಸೇರದಂಥ ಜ್ವರ ಬಂದಾಗ ಟೆಲ್ಮಿಸಾರ್ಟನ್ ಮತ್ತು ನೀರಿನ ಮಾತ್ರೆ ತಾತ್ಕಾಲಿಕವಾಗಿ ನಿಲ್ಲಿಸಬೇಕಾಗಬಹುದು. ವೈದ್ಯರಿಗೆ ಫೋನ್ ಮಾಡಿ ಕೇಳಿ. ಸಾಮಾನ್ಯವಾಗಿ ಊಟ-ನೀರು ಮೊದಲಿನಂತಾಗಿ 24ರಿಂದ 48 ಗಂಟೆ ಕಳೆದ ಮೇಲೆ ಮತ್ತೆ ಶುರು ಮಾಡಿಸುತ್ತಾರೆ. ‘ಬಿಪಿ ಇದೆ, ಉಪ್ಪು ಬೇಡ’ ಎಂದು ಭೇದಿಯಾದಾಗಲೂ ಓಆರ್‌ಎಸ್ ಕುಡಿಯದವರಿದ್ದಾರೆ. ಆ ಹೊತ್ತಿಗೆ ಅದೇ ಬೇಕು, ಒಂದು ಲೀಟರಿನ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ನೀರಿಗೇ ಬೆರೆಸಿ. ಹೃದಯ ಅಥವಾ ಕಿಡ್ನಿ ವೈಫಲ್ಯ ಇರುವವರು ಮಾತ್ರ ಎಷ್ಟು ಕುಡಿಯಬೇಕೆಂದು ವೈದ್ಯರನ್ನು ಕೇಳಬೇಕು.

ಕಡಿಮೆ ಸೋಡಿಯಂ ಉಪ್ಪು ಎಂದು ಮಾರುವುದರಲ್ಲಿ ಸೋಡಿಯಂ ಬದಲು ಪೊಟ್ಯಾಶಿಯಂ ಕ್ಲೋರೈಡ್ ಇರುತ್ತದೆ. ಕಿಡ್ನಿ ಸರಿಯಿದ್ದವರಿಗೆ ಅದು ಒಳ್ಳೆಯದೇ. ಕಿಡ್ನಿ ದುರ್ಬಲವಿದ್ದು ಟೆಲ್ಮಿಸಾರ್ಟನ್ ತೆಗೆದುಕೊಳ್ಳುವವರಿಗೆ, ಅದರ ಮೇಲೆ ಪೊಟ್ಯಾಶಿಯಂ ಹಿಡಿದಿಡುವ ಸ್ಪೈರೊನೊಲ್ಯಾಕ್ಟೋನ್ ಕೂಡ ಇದ್ದರೆ, ರಕ್ತದಲ್ಲಿ ಪೊಟ್ಯಾಶಿಯಂ ಏರಿ ಅದು ಹೃದಯದ ಬಡಿತವನ್ನೇ ತಪ್ಪಿಸಬಲ್ಲದು. ಪೊಟ್ಯಾಶಿಯಂ ಹೆಚ್ಚಿರುವ ಎಳನೀರನ್ನು ದಿನಕ್ಕೆರಡು ಕುಡಿಯುವ ಅಭ್ಯಾಸವೂ ಇಂಥವರಿಗೆ ಸಲ್ಲದು. ಉಳಿದವರು ಎಳನೀರನ್ನು ನಿಶ್ಚಿಂತೆಯಿಂದ ಕುಡಿಯಬಹುದು.

ಮನೆಯಲ್ಲಿ ಬಿಪಿ ನೋಡುವವರು ತೋಳಿಗೆ ಕಟ್ಟುವ ಯಂತ್ರ ಬಳಸಿ. ಕಾಫಿ, ಬೀಡಿ-ಸಿಗರೇಟು ಬಿಟ್ಟು ಅರ್ಧ ಗಂಟೆಯಾಗಿರಬೇಕು. ಬೆನ್ನಿಗೆ ಆಸರೆ ಕೊಟ್ಟು ಐದು ನಿಮಿಷ ಸುಮ್ಮನೆ ಕೂತು, ತೋಳನ್ನು ಎದೆಮಟ್ಟದಲ್ಲಿ ಮೇಜಿನ ಮೇಲಿಟ್ಟು, ಮಾತಾಡದೆ, ಒಂದು ನಿಮಿಷದ ಅಂತರದಲ್ಲಿ ಎರಡು ಸಲ ನೋಡಿ. ಬೆಳಿಗ್ಗೆ ಮಾತ್ರೆಗೆ ಮುಂಚೆ, ಸಂಜೆ ಒಮ್ಮೆ, ಹೀಗೆ ಏಳು ದಿನ ಬರೆದಿಟ್ಟು ಮೊದಲ ದಿನದ್ದನ್ನು ಬಿಟ್ಟು ಸರಾಸರಿ ತೆಗೆಯಿರಿ. ಅದು 135/85ಕ್ಕಿಂತ ಕೆಳಗಿರಬೇಕು.

ಬಿಪಿ ನಾರ್ಮಲ್ ಬಂತೆಂದು ಮಾತ್ರೆ ನಿಲ್ಲಿಸುವವರು ಇನ್ನೂ ಬಹಳ. ನಾರ್ಮಲ್ ಆಗಿರುವುದೇ ಮಾತ್ರೆಯಿಂದ. ಮೆಟೊಪ್ರೊಲಾಲ್, ಅಟೆನೊಲಾಲ್, ಕ್ಲೋನಿಡಿನ್ ಇದ್ದರಂತೂ ಥಟ್ಟನೆ ಬಿಟ್ಟಾಗ ಬಿಪಿಯೂ ನಾಡಿಯೂ ನೆಗೆಯುತ್ತವೆ. ಹಬ್ಬಕ್ಕೆಂದು ಊರಿಗೆ ಹೋಗುವಾಗ ಮರೆಯದೆ ಚೀಲಕ್ಕೆ ಹಾಕಿಕೊಳ್ಳಬೇಕಾದ್ದು ಇವೇ. ಆಪರೇಷನ್ ಇದ್ದರೆ ಅರಿವಳಿಕೆ ವೈದ್ಯರಿಗೆ ಸ್ಟ್ರಿಪ್ ತೋರಿಸಿ. ಟೆಲ್ಮಿಸಾರ್ಟನ್ ಇರುವುದನ್ನು ಹಿಂದಿನ ದಿನವೇ ನಿಲ್ಲಿಸಲು ಹೇಳಬಹುದು, ಮೆಟೊಪ್ರೊಲಾಲ್ ಮುಂದುವರಿಸಲು ಹೇಳಬಹುದು. ಎರಡೂ ಒಂದೇ ಮಾತ್ರೆಯಲ್ಲಿದ್ದರೆ ಬಿಡಿಬಿಡಿಯಾಗಿ ಬರೆದುಕೊಡಬೇಕಾಗುತ್ತದೆ.

ಟೆಲ್ಮಿಸಾರ್ಟನ್, ಲೋಸಾರ್ಟನ್, ರಾಮಿಪ್ರಿಲ್, ಎನಾಲಪ್ರಿಲ್ ಇವು ಗರ್ಭದಲ್ಲಿರುವ ಮಗುವಿನ ಕಿಡ್ನಿಗೆ ಹಾನಿ ಮಾಡುತ್ತವೆ. ಮಗು ಬೇಕೆಂದು ಯೋಚಿಸುವಾಗಲೇ ವೈದ್ಯರಿಗೆ ಹೇಳಿ ಲ್ಯಾಬೆಟಲಾಲ್, ನಿಫೆಡಿಪಿನ್ ಅಥವಾ ಮಿಥೈಲ್‌ಡೋಪಾಗೆ ಬದಲಾಯಿಸಿಕೊಳ್ಳಬೇಕು. ಮುಟ್ಟು ತಪ್ಪಿ ಗರ್ಭ ಖಚಿತವಾದರೆ ಮುಂದಿನ ತಿಂಗಳ ತಪಾಸಣೆಗೆ ಕಾಯದೆ ಆ ದಿನವೇ ಸಂಪರ್ಕಿಸಿ. ತುಟಿ, ನಾಲಿಗೆ, ಮುಖ ಇದ್ದಕ್ಕಿದ್ದಂತೆ ಊದಿಕೊಂಡರೆ, ಎದೆನೋವು ಬಂದರೆ, ಮಾತು ತೊದಲಿದರೆ, ಒಂದು ಪಕ್ಕದ ಕೈಕಾಲು ಸೋತರೆ ಬಿಪಿ ಯಂತ್ರ ಹುಡುಕುತ್ತ ಕೂರಬೇಡಿ, 108ಕ್ಕೆ ಕರೆ ಮಾಡಿ. ಇಂಥ ಯಾವ ಲಕ್ಷಣವೂ ಇಲ್ಲದೆ ಅಂಕಿ ಮಾತ್ರ 180/120 ತೋರಿಸಿದರೆ ಐದು ನಿಮಿಷ ಕೂತು ಮತ್ತೆ ನೋಡಿ. ಆಗಲೂ ಅಷ್ಟೇ ಇದ್ದರೆ ಅದೇ ದಿನ ವೈದ್ಯರನ್ನು ಕಾಣಿ. ಮನೆಯಲ್ಲಿ ಇನ್ನೊಂದು ಮಾತ್ರೆ ಹೆಚ್ಚುವರಿಯಾಗಿ ನುಂಗಿ ಇಳಿಸಲು ಹೋಗಬೇಡಿ.