ಮೊದಲು ಸತ್ತಿದ್ದು ಕೋಳಿಗಳು: ಜಪಾನಿನ ಎಣ್ಣೆ ಕಾಯಿಲೆ ಇನ್ನೂ ಮುಗಿದಿಲ್ಲ

ನಮ್ ಕಡೆ ತೌಡು ಅಂದ್ರೆ ಕಲಗಚ್ಚಿಗೆ ಬೆರೆಸಿ ಎಮ್ಮೆ ಮುಂದೆ ಇಡೋ ವಸ್ತು. ಅದ್ರಿಂದ ಎಣ್ಣೆ ತೆಗೆದು ಪೂರಿ ಕರೀಬಹುದು ಅಂತ ಗೊತ್ತಾಗಿದ್ದು ಈಚೆಗೆ, ಈಗ ಯಾವ ಸೂಪರ್ ಮಾರ್ಕೆಟ್ಟಿಗೆ ಹೋದ್ರೂ ರೈಸ್ ಬ್ರಾನ್ ಆಯಿಲ್ ಪ್ಯಾಕೆಟ್ ಇದ್ದೇ ಇರುತ್ತೆ, ನಮ್ಮನೇಲೂ ಅದೇ. ಎಣ್ಣೆ ಬಗ್ಗೆ ನನ್ನ ತಕರಾರೇನಿಲ್ಲ, ಗಾಬರಿಯಾಗಿ ಪ್ಯಾಕೆಟ್ ಎಸೀಬೇಡಿ. ಆದ್ರೆ ಜಪಾನಿನಲ್ಲಿ 1968ರಲ್ಲಿ ಇದೇ ತೌಡಿನ ಎಣ್ಣೇಲಿ ಆದ ಒಂದು ಎಡವಟ್ಟಿಗೆ ಜನ ಇವತ್ತಿಗೂ ಆಸ್ಪತ್ರೆ ಅಲೀತಿದಾರೆ, ಆ ಕತೆ ನಮ್ಮಲ್ಲಿ ಜಪಾನಿನದೇ ಇನ್ನೊಂದು ದುರಂತ, ಪಾದರಸದ ವಿಷ ಜನರ ಮೈ ಸೇರಿದ ಮಿನಮಾಟಾದಷ್ಟು ಯಾರೂ ಹೇಳಲ್ಲ.

ಆ ವರ್ಷ ಫೆಬ್ರವರಿಲಿ ಪಶ್ಚಿಮ ಜಪಾನಿನ ಕೋಳಿ ಫಾರಂಗಳಲ್ಲಿ ಕೋಳಿಗಳು ಉಸಿರಾಡೋಕಾಗದೆ ಸಾಯೋಕೆ ಶುರುವಾದ್ವು. ಒಂದೆರಡಲ್ಲ, ನಾಲ್ಕು ಲಕ್ಷಕ್ಕೂ ಹೆಚ್ಚು. ಆಹಾರದಲ್ಲಿ ಬೆರೆಸಿದ್ದ ಡಾರ್ಕ್ ಆಯಿಲ್ ಅನ್ನೋದರ ಮೇಲೆ ಅನುಮಾನ ಬಂತು, ಅದು ತೌಡಿನ ಎಣ್ಣೆ ಶುದ್ಧ ಮಾಡುವಾಗ ಉಳಿಯೋ ಉಪವಸ್ತು, ಬಂದಿದ್ದು ಕಿಟಾಕ್ಯೂಶು ಊರಿನ ಕನೆಮಿ ಅನ್ನೋ ಕಂಪನಿಯಿಂದ. ಕೃಷಿ ಇಲಾಖೆಯೋರು ಫ್ಯಾಕ್ಟರಿಗೂ ಹೋಗಿ ಬಂದ್ರು. ಅದೇ ಫ್ಯಾಕ್ಟರಿಲಿ ಅದೇ ತೌಡಿಂದ ಮನುಷ್ಯರು ತಿನ್ನೋ ಎಣ್ಣೇನೂ ಡಬ್ಬಕ್ಕೆ ತುಂಬ್ತಿದ್ರು, ಆದ್ರೆ ಕೋಳಿ ನೋಡ್ಕೊಳ್ಳೋ ಇಲಾಖೆ ಬೇರೆ, ಜನರ ಊಟ ನೋಡ್ಕೊಳ್ಳೋ ಇಲಾಖೆ ಬೇರೆ. ಈ ಕಡತ ಆ ಮೇಜಿಗೆ ಹೋಗ್ಲೇ ಇಲ್ಲ. ಸರ್ಕಾರಿ ಆಫೀಸು ಅಂದ್ರೆ ಎಲ್ಲ ದೇಶದಲ್ಲೂ ಒಂದೇ ಅಂತ ಕಾಣುತ್ತೆ.

ಅಷ್ಟಕ್ಕೂ ಆಗಿದ್ದೇನು? ತೌಡಿನ ಎಣ್ಣೆಗೆ ಒಂದು ವಾಸನೆ ಇರುತ್ತೆ, ಅದು ಹೋಗಬೇಕಂದ್ರೆ ಎಣ್ಣೇನ 200 ಡಿಗ್ರಿಗಿಂತ ಮೇಲೆ ಕಾಯಿಸಬೇಕು. ನೇರ ಬೆಂಕಿ ಇಟ್ರೆ ಸೀದು ಹೋಗುತ್ತೆ, ಹಾಗಾಗಿ ದೊಡ್ಡ ಟ್ಯಾಂಕಿನ ಒಳಗೆ ಸುರುಳಿ ಪೈಪು, ನಮ್ಮ ಗೀಸರ್ ಒಳಗಿನ ಕಾಯಿಲ್ ತರ ಅಂದ್ಕೊಳ್ಳಿ, ಆ ಪೈಪಿನೊಳಗೆ ಕಾದ ದ್ರವ ಸುತ್ತುತಾ ಇರುತ್ತೆ. ಅಲ್ಲಿ ಬಳಸಿದ್ದ ದ್ರವ ಪಿಸಿಬಿ, ಅಂದ್ರೆ ಪಾಲಿಕ್ಲೋರಿನೇಟೆಡ್ ಬೈಫಿನೈಲ್, ಕನೆಕ್ಲೋರ್ 400 ಅನ್ನೋ ಹೆಸರಲ್ಲಿ ಮಾರ್ತಿದ್ರು. ಬೇಗ ಬೆಂಕಿ ಹತ್ತಲ್ಲ, ಕೆಡಲ್ಲ, ನೀರಲ್ಲಿ ಕರಗಲ್ಲ, ಫ್ಯಾಕ್ಟರಿಯೋರಿಗೆ ಇನ್ನೇನು ಬೇಕು. ಆ ಪಿಸಿಬಿ ಪೈಪಿಂದ ಎಣ್ಣೆಗೆ ಸೇರ್ತು. ಎಣ್ಣೇಲಿ ಎಣ್ಣೆಯಾಗಿ ಬೆರೆತು ಹೋಯ್ತು, ಬಣ್ಣ ಇಲ್ಲ ವಾಸನೆ ಇಲ್ಲ. ಆಮೇಲೆ ಹುಡುಕಿದಾಗ ಬಹುಪಾಲು ರೋಗಿಗಳ ಮನೆ ಡಬ್ಬಗಳು ಫೆಬ್ರವರಿ 5 ಮತ್ತು 6ಕ್ಕೆ ಫ್ಯಾಕ್ಟರಿ ಬಿಟ್ಟವು ಅಂತ ಗೊತ್ತಾಯ್ತು. ಎರಡು ದಿನದ ಮಾಲು ಅಷ್ಟೇ!

ಬೇಸಿಗೆ ಹೊತ್ತಿಗೆ ಕ್ಯೂಶು ವಿಶ್ವವಿದ್ಯಾಲಯದ ಚರ್ಮರೋಗ ವಿಭಾಗಕ್ಕೆ ಒಂದೊಂದೇ ಕುಟುಂಬ ಬರೋಕೆ ಶುರುವಾಯ್ತು, ಮೈ ತುಂಬ ಮೊಡವೆ ತರ ಗುಳ್ಳೆ, ಉಗುರು ವಸಡು ಕಪ್ಪು, ಕಣ್ಣಲ್ಲಿ ಗಟ್ಟಿ ಪಿಸುರು, ಕೈಕಾಲು ಜೋಮು. ಪೇಪರಿನಲ್ಲಿ ಸುದ್ದಿ ಬಂದಿದ್ದು ಅಕ್ಟೋಬರಲ್ಲಿ, ಕೋಳಿ ಸತ್ತು ಎಂಟು ತಿಂಗಳಾದ ಮೇಲೆ. ಎಣ್ಣೆ ಕಾಯಿಲೆ ಅನ್ನೋ ಅರ್ಥದಲ್ಲಿ ಯುಶೋ ಅಂತ ಹೆಸರಿಟ್ರು. ಆ ಎಣ್ಣೆ ತಿಂದ ಬಸುರಿಯರಿಗೆ ಮೈ ಕಪ್ಪಗಾದ ಶಿಶುಗಳು ಹುಟ್ಟಿದ್ವು, ಕೆಲವು ಹೊಟ್ಟೆಯಲ್ಲೇ ತೀರಿಕೊಂಡಿದ್ವು.

ಸುಮಾರು 14 ಸಾವಿರ ಜನ ನಮಗೂ ತೊಂದರೆ ಆಗಿದೆ ಅಂತ ಹೇಳ್ಕೊಂಡ್ರು, ಸರ್ಕಾರದ ಪಟ್ಟಿಗೆ ಸೇರಿದೋರು ಇಲ್ಲೀವರೆಗೂ ಎರಡು ಸಾವಿರದ ಚಿಲ್ಲರೆ. ಯಾಕಂದ್ರೆ ಮೊದಲ ಮಾನದಂಡ ಪೂರ್ತಿ ಚರ್ಮದ ಮೇಲೆ ನಿಂತಿತ್ತು. ಗುಳ್ಳೆ ಕಂಡ್ರೆ ರೋಗಿ, ಇಲ್ದಿದ್ರೆ ಮನೆಗೆ ಹೋಗಿ. ಒಂದೇ ಬಾಣಲೇಲಿ ಕರಿದಿದ್ದನ್ನ ತಿಂದ ಗಂಡ ಪಟ್ಟಿಯಲ್ಲಿ, ಹೆಂಡತಿ ಹೊರಗೆ. ಗುಳ್ಳೆ ವರ್ಷಗಳಲ್ಲಿ ಕಮ್ಮಿಯಾಗುತ್ತೆ, ಒಳಗಿನದು ಹೋಗಲ್ಲ, ಪಿಸಿಬಿ ಕೊಬ್ಬಿನಲ್ಲಿ ಕೂತ್ಕೊಂಡ್ರೆ ಎದ್ದೇಳೋದು ದಶಕಗಳ ಮಾತು. ಇನ್ನೊಂದು ವಿಷಯ ಆಮೇಲೆ ಗೊತ್ತಾಯ್ತು: ವರ್ಷಗಟ್ಟಲೆ ಕಾಸಿ ಕಾಸಿ ಆ ಪಿಸಿಬಿಯ ಒಂದು ಭಾಗ ಫ್ಯುರಾನ್ ಆಗಿತ್ತು, ಡಯಾಕ್ಸಿನ್ ಅನ್ನೋ ಕಡುವಿಷದ ಕುಲದ್ದು, ನಿಜವಾದ ವಿಲನ್ ಅದೇ. ರಕ್ತದಲ್ಲಿ ಫ್ಯುರಾನ್ ಎಷ್ಟಿದೆ ಅನ್ನೋದು ಮಾನದಂಡಕ್ಕೆ ಸೇರಿದ್ದು ಮಾತ್ರ 2004ರಲ್ಲಿ, ಮೂವತ್ತಾರು ವರ್ಷ ಕಳೆದು! ಪಟ್ಟಿಯಲ್ಲಿದ್ದೋರನ್ನ 40 ವರ್ಷ ಗಮನಿಸಿದ ಅಧ್ಯಯನದಲ್ಲಿ ಗಂಡಸರಲ್ಲಿ ಪಿತ್ತಜನಕಾಂಗ ಮತ್ತು ಶ್ವಾಸಕೋಶದ ಕ್ಯಾನ್ಸರ್ ಸಾವು ಸಾಮಾನ್ಯ ಜನರಿಗಿಂತ ಜಾಸ್ತಿ ಕಂಡುಬಂತು.

ಕೋರ್ಟಿನ ಕತೆ ಓದುವಾಗ ನನಗೆ ರಕ್ತ ಕುದೀತು. ಸರ್ಕಾರದ್ದೂ ತಪ್ಪಿದೆ ಅಂತ ಕೆಳಗಿನ ಕೋರ್ಟುಗಳು ಹೇಳಿದ ಮೇಲೆ ಸಂತ್ರಸ್ತರಿಗೆ ಹಂಗಾಮಿ ಪರಿಹಾರ ಸಿಕ್ತು, ಆಸ್ಪತ್ರೆಗೆ ಸಾಲಕ್ಕೆ ಅಂತ ಖರ್ಚೂ ಆಯ್ತು. 1987ರಲ್ಲಿ ಸುಪ್ರೀಂ ಕೋರ್ಟಲ್ಲಿ ಸೋಲೋ ಸೂಚನೆ ಸಿಕ್ಕಿ ಅವರು ಸರ್ಕಾರದ ಮೇಲಿನ ಕೇಸು ವಾಪಸ್ ತಗೊಂಡ್ರು. ಹತ್ತು ವರ್ಷ ಬಿಟ್ಟು 1997ರಲ್ಲಿ ಕೊಟ್ಟ ದುಡ್ಡು ವಾಪಸ್ ಕೊಡಿ ಅಂತ ಸರ್ಕಾರ 800ಕ್ಕೂ ಹೆಚ್ಚು ಜನರ ಹಿಂದೆ ಬಿತ್ತು. ಆ ಬಾಕಿಯ ಬಹುಪಾಲು ಮನ್ನಾ ಮಾಡೋ ಕಾನೂನು ಬಂದಿದ್ದು 2007ರಲ್ಲಿ.

ಇಷ್ಟೆಲ್ಲ ಆದ್ಮೇಲೆ ಬುದ್ಧಿ ಬಂದಿರಬೇಕಲ್ವ, 1972ಕ್ಕೆ ಜಪಾನ್ ಪಿಸಿಬಿ ತಯಾರಿಕೆ ನಿಲ್ಲಿಸಿತು, ಮರುವರ್ಷ ರಾಸಾಯನಿಕಗಳ ಮೇಲೆ ಹೊಸ ಕಾನೂನೂ ತಂತು. ಆದ್ರೆ 1979ರಲ್ಲಿ ತೈವಾನಿನಲ್ಲಿ ಮತ್ತೆ ಅದೇ ತೌಡಿನ ಎಣ್ಣೆ, ಅದೇ ಪಿಸಿಬಿ, ಸುಮಾರು 2 ಸಾವಿರ ಜನ, ಅದರಲ್ಲಿ ಕಣ್ಣು ಕಾಣದ ಮಕ್ಕಳ ಒಂದು ಶಾಲೆಯೂ ಇತ್ತು. ತೈವಾನಿನಲ್ಲಿ ಆ ಎಣ್ಣೆ ತಿಂದ ತಾಯಂದಿರಿಗೆ ಹುಟ್ಟಿದ ಮಕ್ಕಳ ಐಕ್ಯು ಪರೀಕ್ಷೆ ಮಾಡಿದಾಗ ಸರಾಸರಿ ಐದು ಅಂಕದಷ್ಟು ಕಮ್ಮಿ ಬಂತು, ಎಣ್ಣೆ ತಿಂದು ಆರು ವರ್ಷ ಆದ್ಮೇಲೆ ಹುಟ್ಟಿದ ಮಕ್ಕಳಲ್ಲೂ ಅದೇ ಹಾಡು. 1999ರಲ್ಲಿ ಬೆಲ್ಜಿಯಂ, ಅಲ್ಲಿ ಪಿಸಿಬಿ ಸೇರಿದ್ದು ಪಶು ಆಹಾರದ ಕೊಬ್ಬಿಗೆ, ಸೂಚನೆ ಕೊಟ್ಟಿದ್ದು ಮತ್ತೆ ಕೋಳಿಗಳೇ.

ನಮ್ಮಲ್ಲಿ ಪಿಸಿಬಿ ಇರೋದು ಹಳೇ ಟ್ರಾನ್ಸ್‌ಫಾರ್ಮರ್ ಎಣ್ಣೇಲಿ, ಅದನ್ನ ಗುರುತಿಸೋ ಕೆಲಸದಲ್ಲಿ ಬೆಂಗಳೂರಿನ ಸಿಪಿಆರ್‌ಐ, ಅಂದ್ರೆ ಕೇಂದ್ರ ವಿದ್ಯುತ್ ಸಂಶೋಧನಾ ಸಂಸ್ಥೆ ಕೂಡ ಇದೆ.

ಜಪಾನಿನಲ್ಲಿ 2012ರ ಕಾನೂನು ಆದ್ಮೇಲೆ ರೋಗಿ ಜೊತೆ ಒಂದೇ ಮನೇಲಿದ್ದು ಅದೇ ಎಣ್ಣೆ ತಿಂದೋರಿಗೂ ಪಟ್ಟಿಯ ಬಾಗಿಲು ತೆರೀತು, ಹೆಂಡತಿಯರು ಕೊನೆಗೂ ಒಳಗೆ ಬಂದ್ರು. 2021ರಿಂದ ಮುಂದಿನ ತಲೆಮಾರಿನ ಸಮೀಕ್ಷೆ ಶುರುವಾಗಿದೆ, ಅದರಲ್ಲಿ ಪ್ರಶ್ನೆಗಳಿಗೆ ಉತ್ತರ ಬರೀತಿರೋರು ಆ ಎಣ್ಣೆ ತಿಂದೋರ ಮಕ್ಕಳು, ಅವರಲ್ಲಿ ಎಷ್ಟೋ ಜನ ಆ ಡಬ್ಬ ಮನೆಗೆ ಬಂದಾಗ ಇನ್ನೂ ಹುಟ್ಟೇ ಇರ್ಲಿಲ್ಲ.